ಹಾಗಲಕಾಯಿ ಬಣ್ಣದ ಸೀರೆ ಮತ್ತು ನಮ್ಮ ಮನೆಯ ಎಂಬಿಎ

ಕೆಲವರ ಮನೆಯಲ್ಲಿ ಮೇಲಿಂದ ಮೇಲೆ ಗಡಿಯಾರ ನಿಲ್ಲುತ್ತದೆ, ಕೆಲವರ ಮನೆಯಲ್ಲಿ ಹಾಲು ಉಕ್ಕುತ್ತದೆ. ನಮ್ಮ ಮನೆಯಲ್ಲಿ ನಗುವಂಥದ್ದು ನಡೆಯುತ್ತದೆ, ಅದೂ ಮೇಲಿಂದ ಮೇಲೆ. ಇದಕ್ಕೆ ಕಾರಣ ನಾನಲ್ಲ. ನಾನು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಮನೆ ಮಾಡಿಕೊಂಡು, ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸಿ ನಿವೃತ್ತನಾದ ಸಪ್ಪೆ ಮನುಷ್ಯ. ಕಾರಣ ನನ್ನ ಹೆಂಡತಿಯ ತಮ್ಮ.

ಎಂಬತ್ತರ ದಶಕದ ಮೊದಮೊದಲಿನ ಮಾತಿದು. ನನ್ನ ಮಾವನವರದು ಇಳಕಲ್ಲಿನಲ್ಲಿ ಸೀರೆ ಅಂಗಡಿ. ಹಣೆತುಂಬ ವಿಭೂತಿ, ಬಿಳಿ ಗಾದಿ, ಹಿಂದೆ ಒರಗಲು ಲೋಡು. ಅವರ ಒಬ್ಬನೇ ಮಗ ನಮ್ಮ ಮನೆಯಲ್ಲಿದ್ದು ಬಿ.ಕಾಂ. ಮುಗಿಸಿದ. ಹುಡುಗ ಚುರುಕು, ರೇಡಿಯೋ ಬಿಚ್ಚಿ ಜೋಡಿಸುವವನು, ಎಲ್ಲದಕ್ಕೂ ಒಂದು ನಕ್ಷೆ ಬರೆಯುವವನು. "ಇವನನ್ನ ಎಂಬಿಎಗೆ ಕಳಿಸ್ರಿ ಮಾವಾರ" ಎಂದು ಹೇಳಿದವನು ನಾನೇ. ಧಾರವಾಡದಲ್ಲಿ ಒಂದು ವರ್ಷ ಓದಿ ಬೇಸಿಗೆ ಸೂಟಿಗೆ ಬಂದಾಗ ಊರವರು ಅವನ ಹೆಸರನ್ನೇ ಮರೆತು ಎಂಬಿಎ ಎಂದೇ ಕರೆಯತೊಡಗಿದ್ದರು. ಆಗಲೇ ನಮ್ಮ ಮನೆಗೆ ಬಂದಿದ್ದ ಮಾವನವರು ಒಂದು ಷರತ್ತು ಹಾಕಿದರು:

"ಅಳಿಯಾರ, ನೀವು ಹೇಳಿದ್ರಿ ಅಂತ ಒಂದು ವರ್ಷ ಕಳಿಸಿದೆ. ನಾ ಗಾದಿ ಮ್ಯಾಲ ಕುಂತು ಕಲ್ತ ವ್ಯಾಪಾರ, ಇವಗ ಬೆಂಚಿನ ಮ್ಯಾಲ ಕುಂದ್ರಿಸಿ ಕಲಸಾಕತ್ತಾರ. ಇರಲಿ. ಸೂಟಿ ಮುಗಿಯೂದ್ರಾಗ ಆ ವಿದ್ಯಾದಿಂದ ನಮ್ಮ ಅಂಗಡಿಗೆ ಒಂದರ ಉಪಯೋಗ ಆಗಬೇಕು. ಆತಂದ್ರ ಎರಡನೇ ವರ್ಷಕ್ಕ ಹೋಗಲಿ. ಆಗಲಿಲ್ಲಂದ್ರ ಗಾದಿ ಐತಿ, ಇವಾ ಅದಾನ."

ಹುಡುಗನ ಮುಖ ಸಣ್ಣದಾಯಿತು. ನನ್ನ ಮುಖ ಅದಕ್ಕಿಂತ ಸಣ್ಣದಾಯಿತು.

ಇನ್ನೊಂದು ಸಂಗತಿ ಈಗಲೇ ಹೇಳಿಬಿಡಬೇಕು. ಮಾವನವರ ಕಣ್ಣಿಗೆ ಬಣ್ಣದ ವಿಷಯದಲ್ಲಿ ಇಡೀ ಪೇಟೆ ತಲೆಬಾಗುತ್ತಿತ್ತು. ಆದರೆ ಒಂದೇ ಒಂದು ಸಲ ಆ ಕಣ್ಣು ಮೋಸ ಹೋಗಿತ್ತು. ಯಾವುದೋ ಮುಸ್ಸಂಜೆ ಯಾವುದೋ ಹಸಿರು ನೂಲು ನೋಡಿ ಮನಸೋತು, ನೇಕಾರರಿಗೆ ಹೇಳಿ ಅದೇ ಬಣ್ಣದ ಒಂದು ರಾಶಿ ಸೀರೆ ನೇಯಿಸಿದ್ದರು. ಹಗಲು ಬೆಳಕಿನಲ್ಲಿ ಬಿಚ್ಚಿ ನೋಡಿದರೆ ತದ್ರೂಪು ಹಾಗಲಕಾಯಿ. ಅದಕ್ಕೆ ಇಳಕಲ್ಲಿನ ಕೆಂಪು ಸೆರಗು ಬೇರೆ! ಒಂದೂ ಮಾರಲಿಲ್ಲ. ಹಬ್ಬಕ್ಕೊಂದು ನಾದಿನಿಗೆ, ಸೀಮಂತಕ್ಕೊಂದು ತಂಗಿಗೆ ಅಂತ ಬಳಗದ ಹೆಣ್ಣುಮಕ್ಕಳಿಗೆಲ್ಲ ಹಂಚಿದರೂ ರಾಶಿ ಕರಗಲಿಲ್ಲ. ನನ್ನ ಹೆಂಡತಿಗೂ ಒಂದು ಬಂದಿತ್ತು. "ಭಾಳ ಚಂದ ಐತ್ರಿ ಅಪ್ಪಾ" ಎಂದವಳು ಮನೆಗೆ ಬಂದು ಟ್ರಂಕಿನ ತಳಕ್ಕೆ ಹಾಕಿದ್ದಳು. ಮಾವನವರ ಎದುರು ಆ ಸೀರೆಯ ಬಗ್ಗೆ ಖರೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ನಳದ ಮುಂದೆ ಜಪಾನು

ಧಾರವಾಡದಿಂದ ಬಂದ ಎಂಬಿಎ ಮೊದಲು ನಮ್ಮ ಮನೆಯಲ್ಲಿ ಇಳಿದಿದ್ದ. ಕೈಯಲ್ಲಿ ಹೊಸ ಡಿಜಿಟಲ್ ವಾಚು. ಗುಂಡಿ ಒತ್ತಿದರೆ ಸೆಕೆಂಡು ಓಡುತ್ತಿದ್ದವು. ನಮ್ಮ ಓಣಿಗೆ ದಿನ ಬಿಟ್ಟು ದಿನ ನಳ ಬರುತ್ತಿದ್ದ ಕಾಲ. ಬೆಳಿಗ್ಗೆ ಬಚ್ಚಲ ಮುಂದೆ ನಾನು, ಹೆಂಡತಿ, ಮಕ್ಕಳು ಒಬ್ಬರನ್ನೊಬ್ಬರು ನೂಕುವುದನ್ನು ಕಂಡು ಅವನಿಗೆ ಸಂಕಟವಾಯಿತು.

"ಅಕ್ಕಾ, ಇಲ್ಲಿ ಕೆಲಸಕ್ಕಿಂತ ಕಾಯೂದ ಹೆಚ್ಚಾಗೈತಿ. ಜಪಾನಿನಾಗ ಹಿಂಗ ಇರೂದಿಲ್ಲ."

"ಜಪಾನಿನಾಗ ದಿನಾ ನಳ ಬರ್ತಾವೋ ಏನೋ. ನೀ ಸರಿ ಅತ್ಲಾಗ."

ಸರಿಯಲಿಲ್ಲ. ಯಾರು ಎಷ್ಟು ಹೊತ್ತು ಹಲ್ಲು ತಿಕ್ಕುತ್ತಾರೆ, ಯಾರು ಎಷ್ಟು ಹೊತ್ತು ಬಚ್ಚಲಲ್ಲಿ ಹಾಡುತ್ತಾರೆ ಎಂದು ಅಳೆದು, ಬಾಗಿಲಿಗೆ ಒಂದು ನಕ್ಷೆ ಅಂಟಿಸಿದ. ಮರುಸರ್ತಿ ನಳ ಬಂದಾಗ ತಾನೇ ವಾಚು ಹಿಡಿದು ನಿಂತ. "ಮಾಮಾ, ಹೊರಗ ಬರ್ರಿ. ಅಕ್ಕಾ, ಒಳಗ ನಡಿ." ಖರೆ ಹೇಳುತ್ತೇನೆ, ಅಂಥ ಸುಸೂತ್ರ ಸ್ನಾನ ನಮ್ಮ ಮನೆತನದಲ್ಲಿ ಯಾವತ್ತೂ ಆಗಿರಲಿಲ್ಲ. ಎಲ್ಲರೂ ಮಿಂದು ತಲೆ ಬಾಚಿಕೊಂಡು ನಿಂತಾಗ ನಳ ಗೊರಗೊರ ಅಂದು ನಿಂತಿತು.

ಹೆಂಡತಿ ಹೇಳಿದಳು: "ಎಲ್ಲಾರದೂ ಆತು. ಮ್ಯಾನೇಜರ್ ಒಬ್ರ ಉಳದ್ರು ನೋಡ್ರಿ."

ಹೆಗಲ ಮೇಲೆ ಒಣ ಟವೆಲು ಹಾಕಿಕೊಂಡು ಎಂಬಿಎ ಅಂದ: "ಉಳೀಲಿ ಅಕ್ಕಾ. ಸಿಸ್ಟಮ್ ಬರೋಬ್ಬರಿ ಐತಿ."

ಬರೋಬ್ಬರಿಯೇ ಇತ್ತು. ಇವತ್ತಿಗೂ ನಮ್ಮ ಮನೆಯಲ್ಲಿ ಸ್ನಾನದ ಸರದಿ ಅದೇ.

ಬಾದಾಮಿಯ ಗಿರಾಕಿಗಳು

ಇಳಕಲ್ಲಿಗೆ ಹೋಗುವ ಮೊದಲು ಮಕ್ಕಳನ್ನು ಕರೆದುಕೊಂಡು ಬಾದಾಮಿಗೆ ಹೋದೆವು. ಗುಹೆಗಳ ಮೆಟ್ಟಿಲ ಹತ್ತಿರ ಮಂಗಗಳು ಕೈಯಲ್ಲಿದ್ದದ್ದನ್ನು ಕಸಿಯುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಎಂಬಿಎಗೆ ಅದಕ್ಕೂ ಒಂದು ಅಭಿಪ್ರಾಯವಿತ್ತು.

"ಮಾಮಾ, ಮಂಗ್ಯಾಗಳ ತಪ್ಪಲ್ಲ. ಅವಕ್ಕ ಏನ್ ಬೇಕು ಅಂತ ನಾವು ವಿಚಾರನ ಮಾಡಿಲ್ಲ."

ಅವನ ಯೋಜನೆ ಇಷ್ಟು: ಒಂದು ಚೀಲದಲ್ಲಿ ಶೇಂಗಾ ತುಂಬಿಸಿ ನನ್ನ ಕೈಗೆ ಕೊಡುವುದು. ರೊಟ್ಟಿ, ಎಣ್ಣೆಗಾಯಿಯ ಬುತ್ತಿ ಅವನ ಬಗಲಲ್ಲಿ. ಮಂಗಗಳು ಶೇಂಗಾದ ಬೆನ್ನು ಹತ್ತಿದಾಗ ಬುತ್ತಿ ಸುರಕ್ಷಿತವಾಗಿ ಮೇಲೆ ಹೋಗುವುದು. ನನಗೆ ಈ ಯೋಜನೆಯಲ್ಲಿ ನನ್ನ ಪಾತ್ರ ಅಷ್ಟು ಇಷ್ಟವಾಗಲಿಲ್ಲ. ಆದರೂ ಒಪ್ಪಿದೆ.

ಮೊದಲ ಗುಹೆಯ ಹತ್ತಿರ ನಾಲ್ಕಾರು ಮಂಗ ಬಂದವು. ನಾನು ಒಂದು ಮುಷ್ಟಿ ಶೇಂಗಾ ಎಸೆದೆ. ಅವು ಕೂತು ತಿಂದವು. ಬುತ್ತಿಯ ಕಡೆ ತಿರುಗಿಯೂ ನೋಡಲಿಲ್ಲ. "ಹೆಂಗ ಮಾಮಾ?" ಎಂದು ಎಂಬಿಎ ಹುಬ್ಬು ಹಾರಿಸಿದ. ಎರಡನೆಯ ಗುಹೆಯ ಹತ್ತಿರ ಅವೇ ಮಂಗಗಳು ತಮ್ಮ ಅಣ್ಣತಮ್ಮಂದಿರನ್ನು ಕರೆತಂದಿದ್ದವು. ಮೂರನೆಯದಕ್ಕೆ ಬೀಗರೂ ಬಂದರು. ನಾಲ್ಕನೆಯ ಗುಹೆ ಮುಟ್ಟುವಾಗ ಗುಡ್ಡದ ಮಂಗಗಳೆಲ್ಲ ಮರಿಗಳನ್ನು ಹೊಟ್ಟೆಗೆ ಕಟ್ಟಿಕೊಂಡು ನನ್ನ ಹಿಂದೆ ಭಜನೆಯ ದಿಂಡಿ ಹೊರಟಂತೆ ಬರುತ್ತಿದ್ದವು. ಶೇಂಗಾ ಮುಗಿಯಿತು. ಆಮೇಲೆ ಚೀಲ ಹೋಯಿತು, ಬುತ್ತಿ ಹೋಯಿತು, ಕೊನೆಗೆ ನನ್ನ ಟೋಪಿಯೂ ಹೋಯಿತು.

ಹಸಿದು ಮೆಟ್ಟಿಲ ಮೇಲೆ ಕೂತ ನನ್ನ ಪಕ್ಕದಲ್ಲಿ ಎಂಬಿಎ ಕಣ್ಣರಳಿಸಿ ನಿಂತಿದ್ದ. ಅವನಿಗೆ ಸೋತ ಭಾವನೆಯೇ ಇರಲಿಲ್ಲ.

"ನೋಡ್ರಿ ಮಾಮಾ, ಎಷ್ಟ ಗಿರಾಕಿ ಕೂಡಿದ್ವು! ಜಾಹೀರಾತಿಗೆ ಒಂದು ಪೈ ಖರ್ಚಿಲ್ಲ!"

ಕಂಪ್ಯೂಟರಿನ ದರ್ಶನ

ಇಳಕಲ್ಲಿನಲ್ಲಿ ಸಂಜೆ ಹೊತ್ತು ಮಾವನವರ ಗಾದಿಯ ಅಂಚಿಗೆ ನಾಲ್ಕು ಜನ ಹಿರಿಯರು ಕೂಡುತ್ತಿದ್ದರು. ಎದುರಿನ ಸೀರೆ ಅಂಗಡಿಯ ಯಜಮಾನರೂ ಬರುತ್ತಿದ್ದರು. ಹಗಲೆಲ್ಲ ಪೈಪೋಟಿ, ಸಂಜೆಗೆ ಎಲಿ-ಅಡಿಕಿ. ಕಂಪ್ಯೂಟರ್ ಅಂದರೇನು ಎಂದು ಅವರೇ ಕೇಳಿದರು. ಎಂಬಿಎ ಧಾರವಾಡದಲ್ಲಿ ಅದನ್ನು ಕಣ್ಣಾರೆ ನೋಡಿ ಬಂದವನು.

"ದೊಡ್ಡ ಮಷೀನ್ರಿ ಕಾಕಾ. ಅದಕ್ಕ ಒಂದು ಖೋಲಿ ಇರತೈತಿ. ತಂಪನ್ನ ಗಾಳಿ ಬಿಟ್ಟಿರ್ತಾರ. ಒಳಗ ಚಪ್ಪಲಿ ಹಾಕ್ಕೊಂಡು ಹೋಗಂಗಿಲ್ಲ."

"ಆಹಾ! ನಿಮ್ಮನ್ನೆಲ್ಲಾ ಒಳಗ ಬಿಡ್ತಾರೇನು?"

"ಇಲ್ರಿ. ನಾವು ಕೇಳೂದನ್ನ ಕಾರ್ಡಿನ ಮ್ಯಾಲ ತೂತು ಹೊಡದು ಕಿಟಕ್ಯಾಗ ಕೊಡಬೇಕು. ಒಳಗೊಬ್ಬಾಂವ ಇರ್ತಾನ, ಅಂವಾ ಒಯ್ದು ಇಡ್ತಾನ."

"ಉತ್ತರ ಆಗಿಂದಾಗ ಬರತೈತೇನು?"

"ಮರುದಿನ ಬರತೈತ್ರಿ. ಒಮ್ಮೊಮ್ಮೆ ಬರೂದಿಲ್ಲ."

"ಬರಲಿಲ್ಲಂದ್ರ?"

"ತಪ್ಪು ನಮ್ಮದ ಅಂತಾರ್ರಿ. ಮತ್ತ ಶುದ್ಧ ಮಾಡಿಕೊಂಡು ಹೋಗಬೇಕು."

ಎದುರಿನ ಯಜಮಾನರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ಭಕ್ತಿಯಿಂದ ಕೈ ಜೋಡಿಸಿದರು.

"ಇಷ್ಟೊತ್ತು ಮಷೀನು ಮಷೀನು ಅಂತೀಯಲ್ಲೋ ತಮ್ಮಾ. ಅದು ದೇವರ ಐತಿ. ಕಾಯಿ ಒಡಸಿ ಬಂದಿ ಇಲ್ಲೋ?"

ಎಲ್ಲರೂ ನಕ್ಕರು. ಎಂಬಿಎ ಅಪ್ಪನ ಕಡೆ ನೋಡಿದ. ಮಾವನವರು ನಗುತ್ತಲೇ ಅಂದರು: "ದೇವರು ಧಾರವಾಡದಾಗ ಇರಲಿ. ಅಂಗಡಿಗೆ ಏನ್ ಮಾಡ್ತಿ ಹೇಳು."

ಗಾದಿಯ ಕೆಳಗಿನ ಗಂಟೆ

ಮಾವನವರ ಅಂಗಡಿಯಲ್ಲಿ ಒಂದು ರಿವಾಜಿತ್ತು. ವ್ಯಾಪಾರ ಕುದುರಿತು, ಮಾತು ಮುಗಿಯಿತು ಅಂದ ಮೇಲೆಯೇ ಗಿರಾಕಿಗೆ ಚಹಾ. ಚಹಾ ಬಂತೆಂದರೆ ಇತ್ತ ಅಂಗಡಿಯವರೂ ಹಿಂದೆ ಸರಿಯುವಂತಿಲ್ಲ, ಅತ್ತ ಗಿರಾಕಿಯೂ ಸರಿಯುವಂತಿಲ್ಲ. ಬಾಂಡ್ ಪೇಪರಿಗಿಂತ ಗಟ್ಟಿ. ಆದರೆ ಪ್ರತಿಸಲ ಮಾವನವರು ಬಾಗಿಲಿಗೆ ಬಂದು "ಏ ಚಾ ಕೊಡಪೋ!" ಎಂದು ರಸ್ತೆ ದಾಟುವಂತೆ ಕೂಗಬೇಕಿತ್ತು.

ಎಂಬಿಎ ಎರಡು ಬ್ಯಾಟರಿ ಸೆಲ್, ಒಂದು ಸೈಕಲ್ ಬೆಲ್ಲಿನ ಬಟ್ಟಲು, ಉದ್ದನ್ನ ವೈರು ತಂದ. ಗಾದಿಯ ಮೂಲೆಯ ಕೆಳಗೆ ಗುಂಡಿ ಇಟ್ಟ. ಗಂಟೆ ರಸ್ತೆಯಾಚೆಯ ಚಹಾದಂಗಡಿಯಲ್ಲಿ. ಅಂಗೈ ಊರಿದರೆ ಸಾಕು, ಅಲ್ಲಿ ಟಿಣ್ ಅನ್ನುತ್ತಿತ್ತು. ಮಾವನವರಿಗೆ ಒಳಗೊಳಗೇ ಹಿಗ್ಗು. "ಗಂಟಲಿಗೆ ಆರಾಮಾತು" ಎಂದರು, ಅಷ್ಟೇ. ನಾನು ಎರಡನೇ ವರ್ಷ ಅರ್ಧ ಗೆದ್ದಂತೆಯೇ ಎಂದುಕೊಂಡೆ.

ಮಧ್ಯಾಹ್ನ ಉಂಡ ಮೇಲೆ ಗಾದಿಯ ಮೇಲೆಯೇ ಒಂದು ಜೊಂಪು ತೆಗೆಯುವುದು ಮಾವನವರ ರೂಢಿ. ಅವತ್ತು ಮಗ್ಗಲು ಬದಲಿಸಿ ಸರಿಯಾಗಿ ಮೂಲೆಗೆ ಹೊರಳಿದರು. ಅತ್ತ ಗಂಟೆ ಬಾರಿಸತೊಡಗಿತು, ನಿಲ್ಲಲೊಲ್ಲದು. ದೊಡ್ಡ ಮದುವೆಯ ಜವಳಿಯೇ ಬಂದಿರಬೇಕೆಂದು ಚಹಾದವನು ಕಿಟ್ಲಿಯನ್ನೇ ಎತ್ತಿಕೊಂಡು, ಇದ್ದಬದ್ದ ಕಪ್ಪುಗಳನ್ನೆಲ್ಲ ಹೇರಿಕೊಂಡು ಓಡಿ ಬಂದ. ಅವನು ಓಡುವುದನ್ನು ಕಂಡು, ಯಾರ ಮದುವೆಯ ಗಿರಾಕಿ ಬಂತಪ್ಪಾ ಎಂದು ಎದುರಿನ ಅಂಗಡಿಯವರೂ ಬಂದರು. ಅಂಗಡಿಯಲ್ಲಿ ಗಿರಾಕಿ ಎಂಬುದಿಲ್ಲ, ಮಾವನವರ ಗೊರಕೆಯೊಂದೇ.

ಕಣ್ಣು ಬಿಟ್ಟಾಗ ಎದುರಿಗೆ ಅರ್ಧ ಪೇಟೆ ಚಹಾ ಕುಡಿಯುತ್ತ ನಿಂತಿತ್ತು.

"ಏನಾತ್ರೋ?" ಎಂದು ಗಾಬರಿಯಿಂದ ಕೇಳಿದರು.

ಎದುರಿನ ಯಜಮಾನರು ಬಶಿಯಿಂದ ಒಂದು ಗುಟುಕು ಹೀರಿ ಅಂದರು: "ಏನಿಲ್ಲ, ಮಲಕೋರಿ. ನಿಮ್ಮ ನಿದ್ದಿ ನಮಗ ಭಾಳ ಲಾಭ ಐತಿ."

ಹುನಗುಂದದ ಕ್ಯಾಸೆಟ್ಟು

ಗಂಟೆಯಿಂದ ಉಪಯೋಗ ಆಯಿತೋ ಹಾನಿಯಾಯಿತೋ ತೀರ್ಮಾನವಾಗಲಿಲ್ಲ. ಸೂಟಿ ಕರಗುತ್ತಿತ್ತು. ಗಿರಾಕಿಯ ಮನಸ್ಸು ತಿಳಿಯದೆ ವ್ಯಾಪಾರ ಹೇಗೆ ಎಂದು ಎಂಬಿಎ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹುನಗುಂದಕ್ಕೆ ಹೊರಟ. ಅಲ್ಲಿ ಅವನ ಸೋದರತ್ತೆಯ ಮನೆ, ಅಂದರೆ ಮಾವನವರ ತಂಗಿಯ ಮನೆ. ನಾನೂ ಜೊತೆಗಿದ್ದೆ. ಕಟ್ಟೆಯ ಮೇಲೆ ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿ ಒಬ್ಬೊಬ್ಬರನ್ನೇ ಕೇಳಿದ: "ಅವ್ವಾರ, ನಿಮಗ ಎಂಥಾ ಸೀರಿ ಅಂದ್ರ ಜೀವ?"

ಒಬ್ಬರಾದರೂ ತಮಗೆ ಬೇಕಾದ ಸೀರೆಯ ಮಾತು ಆಡಲಿಲ್ಲ. ಒಬ್ಬಾಕೆ ನಾದಿನಿಗೆ ಬಂದ ಸೀರೆಯ ದಡಿ ಎಷ್ಟು ಅಗಲ ಎಂದು ಮೊಣಕೈತನಕ ತೋರಿಸಿದಳು. ಇನ್ನೊಬ್ಬಾಕೆ ತನ್ನ ಮದುವೆಯ ಆಯೇರಿಯಲ್ಲಿ, ಅಂದರೆ ಉಡುಗೊರೆಯಲ್ಲಿ, ನೆಗೆಣ್ಣಿಗೆ ಎಂಥದು ಕೊಟ್ಟರು, ತನಗೆ ಎಂಥದು ಕೊಟ್ಟರು ಎಂದು ಹೇಳಿ ಕಣ್ಣೀರು ಒರೆಸಿಕೊಂಡಳು. ಆಕೆಯ ಮೊಮ್ಮಗಳು ಪಕ್ಕದಲ್ಲೇ ಕೂತಿದ್ದಳು.

ಬಸ್ಸಿನಲ್ಲಿ ಎಂಬಿಎ ಗಂಭೀರವಾಗಿ ಅಂದ: "ಮಾಮಾ, ಯಾರೂ ಸೀರಿ ನೋಡೂದಿಲ್ಲ. ಬಾಜೂದಾಕಿ ಕೈಯಾಗಿನ ಸೀರಿ ನೋಡ್ತಾರ."

ಇಷ್ಟು ವರ್ಷ ಕಾಲೇಜಿನಲ್ಲಿ ಬೇಡಿಕೆಯ ಸಿದ್ಧಾಂತ ಕಲಿಸಿದ ನನಗೆ ಇದು ಹೊಳೆದಿರಲಿಲ್ಲ. ಹುಡುಗನ ಬೆನ್ನು ತಟ್ಟಿದೆ.

ಸಂಜೆ ಅಂಗಡಿಯಲ್ಲಿ ಹಿರಿಯರೆಲ್ಲರ ಮುಂದೆ ಕ್ಯಾಸೆಟ್ಟು ಹಚ್ಚಿದ. ಮಾವನವರು ತಂಗಿಯ ಧ್ವನಿ ಯಾವಾಗ ಬರುತ್ತದೋ ಎಂದು ಕಿವಿಯಾನಿಸಿ ಕೂತರು. ಬಂತು. ಟೇಪು ನಿಂತಿದೆ ಎಂದು ತಿಳಿದು ಸೋದರತ್ತೆ ಪಕ್ಕದ ಮನೆಯಾಕೆಗೆ ಹೇಳಿದ ಮಾತು:

"ನಮ್ಮಣ್ಣ ಕೊಟ್ಟಾನವಾ ಒಂದು, ಹಾಗಲಕಾಯಿ ಬಣ್ಣದ್ದು. ಉಟ್ಟು ಹಿತ್ತಲಕ್ಕ ಹೋದ್ರ ಎಮ್ಮಿ ಸೆರಗು ಬಿಟ್ಟು ಉಳದದ್ದೆಲ್ಲಾ ಮೇಯಾಕ ಬಂತು."

ಎಂಬಿಎ ನಿಲ್ಲಿಸುವ ಗುಂಡಿ ಒತ್ತಲು ಹೋಗಿ ಗಾಬರಿಯಲ್ಲಿ ಟೇಪನ್ನು ಹಿಂದಕ್ಕೆ ಓಡಿಸಿದ. ಎಮ್ಮೆ ಎರಡನೇ ಸಲವೂ ಮೇಯಲು ಬಂತು.

ಕೊಡೂದಲ್ಲ

ಮರುದಿನದಿಂದ ಮಾವನವರು ಮಗನೊಡನೆ ಮಾತು ಕಡಿಮೆ ಮಾಡಿದರು. ಎಂಬಿಎ ಮಾತ್ರ ಆ ಹಾಗಲಕಾಯಿ ರಾಶಿಯನ್ನೇ ಹೊರಗೆ ತೆಗೆದು, ಅಂಗಡಿಯ ಗೋಡೆ ಗಡಿಯಾರದ ಕೆಳಗೆ ಬೇರೆಯಾಗಿ ಒಟ್ಟಿ, ಕೆಂಪು ದಾರ ಕಟ್ಟಿದ.

"ಇದು ಸತ್ತ ಮಾಲು ಅಪ್ಪಾ. ಯಾಕ ಸತ್ತೈತಿ ಅಂತ ಅಭ್ಯಾಸ ಮಾಡಬೇಕು. ಮುಗಿಯೂತನಕ ಯಾರೂ ಮುಟ್ಟಬಾರದು."

"ಸತ್ತಿಲ್ಲಲೇ, ಮಲಗೈತಿ! ಗಿರಾಕಿ ಮುಂದ ಆ ಮಾತು ಆಡಿದಿ ಅಂದ್ರ ನೋಡು. ನಾಡ್ದು ನಿನ್ನ ಸೂಟಿ ಮುಗೀತು, ಗಾದಿ ಮ್ಯಾಲ ಕುಂದ್ರಾಕ ತಯಾರಾಗು."

ಅವತ್ತೇ ಗುಡೂರಿನಿಂದ ಒಂದು ಟೆಂಪೋ ತುಂಬ ಹೆಣ್ಣುಮಕ್ಕಳು ಮದುವೆಯ ಜವಳಿಗೆ ಬಂದಿಳಿದರು. ಮುಂದೆ ಮನೆಯ ಹಿರಿಯಜ್ಜಿ, ಹಿಂದೆ ಇಬ್ಬರು ಸೊಸೆಯಂದಿರು, ಅವರ ಹಿಂದೆ ಬಳಗ. ಮದುಮಗಳ ಸೀರೆ ಬೇಗ ಆಯಿತು. ಆಯೇರಿ ಕೊಡುವ ಸೀರೆಗಳಲ್ಲಿ ಗಾಡಿ ಸಿಕ್ಕಿಬಿತ್ತು. ಹಿರಿಸೊಸೆ ಕೈಗೆತ್ತಿದ್ದು ಕಿರಿಸೊಸೆಗೆ ಬೇಕು; ಕೊಟ್ಟರೆ ಆಕೆಗೆ ಮೊದಲು ಬಿಟ್ಟದ್ದೇ ಚಂದ ಕಾಣುತ್ತದೆ. ಮಾವನವರು ಬಿಚ್ಚಿ ಬಿಚ್ಚಿ ತೋಳು ಸೋತರು. ಗಾದಿಯ ಮೇಲೆ ಸೀರೆಯ ಗುಡ್ಡ. ಕೊನೆಗೆ ಅಜ್ಜಿ "ಏಳ್ರವಾ, ಎದುರಿನ ಅಂಗಡಿ ನೋಡೂಣು" ಎಂದು ಎದ್ದೇಬಿಟ್ಟಳು. ಆಗ ಹಿರಿಸೊಸೆಯ ಕಣ್ಣು ಗಡಿಯಾರದ ಕೆಳಗೆ ಹೋಯಿತು.

"ತಮ್ಮಾ, ಅವೇನು? ದಾರ ಕಟ್ಟಿದ್ದು?"

ಎಂಬಿಎ ಅಡ್ಡ ನಿಂತ. "ಅವು ಕೊಡೂದಲ್ರಿ."

"ಯಾರಿಗೆ ತಗದಿಟ್ಟೀರಿ?"

"ಯಾರಿಗೂ ಇಲ್ರಿ."

"ಯಾರಿಗೂ ಇಲ್ಲಂದ್ರ ಯಾಕ ಕೊಡೂದಿಲ್ಲ?"

ಸತ್ತ ಮಾಲು ಅನ್ನುವಂತಿಲ್ಲ. ಅಪ್ಪನ ಕಣ್ಣು ಅವನ ಮೇಲೆಯೇ ಇತ್ತು. "ಅಭ್ಯಾಸ ನಡದೈತ್ರಿ" ಎಂದ.

ಹಿರಿಸೊಸೆ ಅಜ್ಜಿಯ ಕಿವಿಯಲ್ಲಿ, ಎಲ್ಲರಿಗೂ ಕೇಳುವಂತೆ ಅಂದಳು: "ಯಾರೋ ದೊಡ್ಡ ಮನಿಯವರಿಗೆ ಇಟ್ಟಾರ ಅತ್ತಿ. ಹೆಸರು ಹೇಳವಲ್ರು."

"ಒಂದು ಬಿಚ್ಚಿ ತೋರ್ಸು" ಎಂದಳು ಅಜ್ಜಿ.

"ಬ್ಯಾಡ ಅಜ್ಜಿ, ನಾ ಖರೆ ಹೇಳ್ತೇನಿ. ನಿಮಗ ಆ ಬಣ್ಣ ಒಪ್ಪೂದಿಲ್ಲ."

ಹುಡುಗ ಇದನ್ನು ಅಂತಃಕರಣದಿಂದ ಹೇಳಿದ್ದ. ಆದರೆ ಅಜ್ಜಿ ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಒಪ್ಪೂದಿಲ್ಲ? ಗುಡೂರಿನವರಿಗೆ ಒಪ್ಪೂದಿಲ್ಲ? ಇಳಕಲ್ಲಿನವರಿಗಷ್ಟ ಒಪ್ಪತೈತೇನು?"

ಕಿರಿಸೊಸೆ ಆಗಲೇ ದಾರ ಬಿಚ್ಚಿಯಾಗಿತ್ತು. ಹಸಿರು ಹೊರಬಿತ್ತು. ಹಿರಿಸೊಸೆ ಒಂದು ಸೆಳೆದುಕೊಂಡಳು, ಕಿರಿಯಾಕೆ ಒಂದು. ಇಬ್ಬರೂ ಒಬ್ಬರ ಕೈಯನ್ನು ಒಬ್ಬರು ನೋಡಿದರು. ಬಣ್ಣ ಅದೇ, ದಡಿ ಅದೇ, ಸೆರಗು ಅದೇ. ಬೆಳಗಿನಿಂದ ಮೊದಲ ಸಲ ಜಗಳವಾಡಲು ಏನೂ ಸಿಗಲಿಲ್ಲ. ಅಜ್ಜಿಗೆ ಅದು ಥಟ್ಟನೆ ತಿಳಿಯಿತು.

"ಬಳಗಕ್ಕೆಲ್ಲಾ ಇದ ಒಂದ ಬಣ್ಣ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಮ್ಮಿಲ್ಲ. ಎಲ್ಲಾ ಕಟ್ಟು ತಮ್ಮಾ."

"ಅಜ್ಜಿ, ಅಭ್ಯಾಸ ಮುಗಿದಿಲ್ಲ..."

ಮಾವನವರು ಮಗನ ಬಾಯಿ ಮುಚ್ಚಿಸಲೆಂದು ಗಾದಿಯ ಮೂಲೆಗೆ ಕೈಯೂರಿ ಮುಂದಕ್ಕೆ ಬಾಗಿದರು. ರಸ್ತೆಯಾಚೆ ಟಿಣ್ ಅಂತು. ಚಹಾದವನು ತಟ್ಟೆ ಹಿಡಿದು ಓಡಿ ಬಂದ.

ಅಜ್ಜಿ ಮೊದಲ ಕಪ್ಪು ಎತ್ತಿಕೊಂಡು ಕೂತಳು. "ಚಾ ಬಂತು. ಇನ್ನ ಇಲ್ಲಂದ್ರ ನಡಿಯೂದಿಲ್ಲ."

ರಾಶಿಗೆ ರಾಶಿಯೇ ಟೆಂಪೋ ಏರಿತು. ಗಡಿಯಾರದ ಕೆಳಗೆ ಕೆಂಪು ದಾರವೊಂದೇ ಉಳಿಯಿತು. ಎಂಬಿಎ ಅದನ್ನು ಕೈಯಲ್ಲಿ ಹಿಡಿದು ಸಪ್ಪಗೆ ನಿಂತಿದ್ದ.

"ಅಪ್ಪಾ, ನಾ ಮಾರಿಲ್ಲ. ಖರೆನ ಬ್ಯಾಡ ಅಂದೆ."

ಮಾವನವರು ಪಂಜೆಯ ತುದಿಯಿಂದ ಮುಖ ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ಅಳಿಯಾರ, ತಗೋರಿ ತಗೋರಿ ಅಂತ ನಾ ಜನ್ಮ ಪೂರ್ತಿ ಒದರಿದೆ. ಬ್ಯಾಡ ಅಂದು ಮಾರೂದನ್ನ ಇವಗ ಒಂದ ವರ್ಷದಾಗ ಕಲಿಸ್ಯಾರ. ಇನ್ನೊಂದು ವರ್ಷ ಹೋಗಿ ಬರಲಿ. ಆದ್ರ ಟೇಪು ಇಲ್ಲೇ ಇಟ್ಟು ಹೋಗಲಿ."

ಹುಡುಗ ಧಾರವಾಡದ ಬಸ್ಸು ಹತ್ತಿದ. ಅತ್ತ ಗುಡೂರಿನ ಮದುವೆ ಆಯಿತು. ಮದುವೆಯಲ್ಲಿ ಬಳಗವೆಲ್ಲ ಒಂದೇ ಬಣ್ಣದಲ್ಲಿ ಓಡಾಡಿದ್ದನ್ನು ಸುತ್ತಲಿನ ಊರಿನ ಹೆಣ್ಣುಮಕ್ಕಳು ನೋಡಿದರು. "ಗುಡೂರಿನವರು ಉಟ್ಟಿದ್ರಲ್ಲ, ಆ ಸೀರಿ" ಎಂದು ಕೇಳಿಕೊಂಡು ಜನ ಇಳಕಲ್ಲಿಗೆ ಬರತೊಡಗಿದರು. ಮಾವನವರ ಹತ್ತಿರ ತೋರಿಸಲು ಮಾದರಿಗೆಂದು ಒಂದೂ ಉಳಿದಿರಲಿಲ್ಲ. ಒಂದು ದಿನ ಬೆಳಿಗ್ಗೆ ಮೊದಲ ಬಸ್ಸಿಗೇ ವಿದ್ಯಾಗಿರಿಗೆ ಬಂದಿಳಿದು, ನೀರು ಕುಡಿಯುವ ಮೊದಲೇ ಮಗಳನ್ನು ಕೇಳಿದರು:

"ಯವ್ವಾ, ನಿನಗ ಕೊಟ್ಟಿದ್ನಲ್ಲ ಹಸಿರು ಸೀರಿ, ಇನ್ನೂ ಉಟ್ಟು ಮಡಿಕಿ ಮುರದಿಲ್ಲ ಹೌದಿಲ್ಲೋ? ಅದನ್ನ ಕೊಡು, ಬೇಕಾದ್ದೊಂದು ಬ್ಯಾರೆ ಕೊಡ್ತೇನಿ."

ನನ್ನ ಹೆಂಡತಿ ಒಳಗೆ ಹೋದಳು. ಟ್ರಂಕಿನ ಮುಚ್ಚಳ ತೆಗೆದ ಸಪ್ಪಳ ಕೇಳಿತು. ಬಹಳ ಹೊತ್ತು ಬರಲಿಲ್ಲ. ಬಂದಾಗ ಆ ಸೀರೆಯನ್ನೇ ಉಟ್ಟುಕೊಂಡು ಬಂದು ಬಾಗಿಲಲ್ಲಿ ನಿಂತಳು.

"ಅಪ್ಪಾ, ಇದು ಕೊಡೂದಲ್ಲ."